ಒಳಗಿನ ಚುಚ್ಚುಮಾತಿಗೆ ಪ್ರಾರ್ಥನೆಯ ಎದುರುತ್ತರ

‘ನಿನ್ನ ಕೈಲಿ ಏನಾಗುತ್ತೆ?’ ‘ನೀನಿದ್ದರೆಷ್ಟು, ಬಿಟ್ಟರೆಷ್ಟು?’ ಬೇರೆಯವರು ಹೀಗಂದರೆ ಜಗಳಕ್ಕೆ ನಿಲ್ಲುತ್ತೇವೆ. ಅದೇ ಮಾತು ನಮ್ಮೊಳಗಿಂದಲೇ ಎದ್ದು ಬಂದರೆ ತಲೆ ತಗ್ಗಿಸಿ ಒಪ್ಪಿಕೊಂಡುಬಿಡುತ್ತೇವೆ. ಪಿಯುಸಿಯಲ್ಲಿ ಫೇಲಾದ ಹುಡುಗಿಗೂ ಬೆಳೆ ಕೈಕೊಟ್ಟು ಕೈಸಾಲ ಮೈಮೇಲೆ ಬಂದ ರೈತನಿಗೂ ರಾತ್ರಿ ನಿದ್ದೆಗೆಡಿಸುವುದು ಈ ಮಾತೇ.

ಇಂಥ ಮಾತನ್ನು ಹೊತ್ತವರು ಪ್ರಾರ್ಥನೆಗೆಂದು ಹೋಗುವ ಜಾಗಗಳು ನಮ್ಮ ಕಡೆಯೂ ಇವೆ. ಸೋಮನಾಥಪುರದಿಂದ ಬನ್ನೂರು ಮಾರ್ಗವಾಗಿ ಮೈಸೂರಿಗೆ ಬಂದರೆ ಸಂತ ಫಿಲೋಮಿನಾ ಚರ್ಚಿನ 175 ಅಡಿಯ ಅವಳಿ ಗೋಪುರಗಳು ಸಿಗುತ್ತವೆ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ ಚರ್ಚು. ಇನ್ನೊಂದು ದಿಕ್ಕಿಗೆ, ಕೆ.ಆರ್. ನಗರದ ಕಡೆ ಹೋದರೆ ಡೋರ್ನಹಳ್ಳಿಯ ಸಂತ ಅಂತೋಣಿಯವರ ಪುಣ್ಯಕ್ಷೇತ್ರ. ಜೂನ್ 13ರ ಹಬ್ಬಕ್ಕೆ ಎಲ್ಲ ಜಾತಿ, ಧರ್ಮದವರೂ ಹರಕೆ ಹೊತ್ತು ಬರುತ್ತಾರೆ. ಮೊಂಬತ್ತಿ ಹಚ್ಚಿ, ತುಟಿಯಷ್ಟೇ ಅಲ್ಲಾಡಿಸುತ್ತ ಕೂತವರನ್ನು ಕಂಡಾಗಲೆಲ್ಲ ನನಗನ್ನಿಸುವುದಿಷ್ಟು: ಇಷ್ಟು ದಿನ ತಮ್ಮೊಳಗೇ ಸುತ್ತುತ್ತಿದ್ದ ಮಾತನ್ನು ಇವರು ಈಗ ಇನ್ನೊಬ್ಬರ ಮುಂದೆ ಇಡುತ್ತಿದ್ದಾರೆ. ಪ್ರಾರ್ಥನೆಯ ಬಲವಿರುವುದು ಅಲ್ಲೇ ಎಂಬುದು ನನ್ನ ನಂಬಿಕೆ.

ಬೈಬಲ್ಲಿನ 150 ಕೀರ್ತನೆಗಳನ್ನು ಓದಿದರೆ ಇದು ಗೊತ್ತಾಗುತ್ತದೆ. ಸ್ತುತಿಯ ಜೊತೆ ಜೊತೆಗೇ ಗೋಳು, ಸಿಟ್ಟು, ದೂರು ಎಲ್ಲವೂ ಅಲ್ಲಿವೆ. 42ನೆಯದರಲ್ಲಿ ಭಕ್ತ ತನ್ನ ಮನಸ್ಸನ್ನೇ ಎದುರಿಗೆ ಕೂರಿಸಿಕೊಂಡು ವಿಚಾರಿಸುತ್ತಾನೆ. 88ನೆಯದು ಸಮಾಧಾನದ ಒಂದು ಮಾತೂ ಇಲ್ಲದೆ ಕತ್ತಲಲ್ಲೇ ಮುಗಿಯುತ್ತದೆ. ಅದನ್ನೂ ಪ್ರಾರ್ಥನೆಯೆಂದೇ ಉಳಿಸಿಕೊಂಡು ಬಂದಿದ್ದಾರೆ. ಎಂಥ ಧೈರ್ಯ! ನಾಲ್ಕನೇ ಶತಮಾನದ ಕೊನೆಗೆ ಈಜಿಪ್ಟಿನ ಮರಳುಗಾಡಿನಲ್ಲಿದ್ದ ಎವಾಗ್ರಿಯಸ್ ಎಂಬ ಸನ್ಯಾಸಿ, ಕಾಡುವ ಯೋಚನೆಗಳನ್ನು ಎಂಟು ಬಗೆಯಾಗಿ ವಿಂಗಡಿಸಿ, ಒಂದೊಂದಕ್ಕೂ ಬೈಬಲ್ಲಿನಿಂದ ಉತ್ತರ ಹುಡುಕಿ ಪುಸ್ತಕವನ್ನೇ ಬರೆದ.

ಆದರೆ ಪ್ರಾರ್ಥನೆಯೇ ಚುಚ್ಚುಮಾತಿಗೆ ಆಹಾರವಾಗುವುದೂ ಉಂಟು. ಯೇಸುಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೋಲಾಗೆ ಆದದ್ದು ಅದೇ. 1522ರಲ್ಲಿ ಸ್ಪೇನಿನ ಮನ್ರೇಸಾ ಊರಿನಲ್ಲಿದ್ದಾಗ, ಹಳೆಯ ಪಾಪವೊಂದನ್ನು ಹೇಳಲು ಮರೆತೆನೇನೋ ಎಂಬ ಅನುಮಾನ ಅವರನ್ನು ಹಿಡಿಯಿತು. ಪಾಪನಿವೇದನೆ ಮಾಡುವುದು, ಮತ್ತೆ ಅನುಮಾನ, ಮತ್ತೆ ನಿವೇದನೆ. ದಿನಕ್ಕೆ ಏಳು ಗಂಟೆ ಮೊಣಕಾಲೂರಿದರೂ ಬಿಡುಗಡೆಯಿಲ್ಲ. ಕೋಣೆಯಲ್ಲಿದ್ದ ದೊಡ್ಡ ಕಿಂಡಿಯಿಂದ ಹಾರಿಬಿಡಲೇ ಎನ್ನುವ ಮಟ್ಟಕ್ಕೆ ಹೋದರು. ಕೊನೆಗೆ ಆ ಯೋಚನೆ ಎಲ್ಲಿಂದ ಬರುತ್ತದೆ, ಬಂದು ಹೋದ ಮೇಲೆ ತನ್ನನ್ನು ಯಾವ ಸ್ಥಿತಿಯಲ್ಲಿ ಬಿಡುತ್ತದೆ ಎಂದು ಗಮನಿಸಿದರು. ಹತಾಶೆಗೆ ದೂಡುವ ಮಾತು ದೇವರದಾಗಿರಲಾರದು ಎಂದು ಮನದಟ್ಟಾಯಿತು. ಹಳೆಯ ಪಾಪಗಳನ್ನು ಕೆದಕುವುದನ್ನು ಅಲ್ಲಿಗೇ ನಿಲ್ಲಿಸಿದರು.

ಇಗ್ನೇಷಿಯಸ್ ಹೇಳಿಕೊಟ್ಟ ಆತ್ಮಪರಿಶೋಧನೆಯಲ್ಲಿ ತಪ್ಪಿನ ಲೆಕ್ಕ ಮೊದಲು ಬರುವುದಿಲ್ಲ. ಮೊದಲು ಆ ದಿನ ಸಿಕ್ಕಿದ್ದಕ್ಕೆ ಕೃತಜ್ಞತೆ. ಹೊತ್ತಿಗೆ ಬಂದ ಬಸ್ಸು, ಮಗು ಜ್ವರ ಬಿಟ್ಟು ಎದ್ದು ಕೂತದ್ದು, ಏನಾದರೂ ಆದೀತು. ಆಮೇಲೆ ಬೆಳಕಿಗಾಗಿ ಬೇಡಿಕೆ. ಎಡವಿದ್ದು ಎಲ್ಲಿ ಎಂದು ನೋಡುವುದು ಅದರ ನಂತರ. ಕ್ಷಮೆ ಕೇಳಿ, ನಾಳೆಯ ಕಡೆ ತಿರುಗುವುದರೊಂದಿಗೆ ಮುಗಿಯುತ್ತದೆ. ಈ ಅನುಕ್ರಮವೇ ನನಗೆ ಬಹಳ ಮುಖ್ಯವೆನಿಸುತ್ತದೆ. ‘ನಾನು ದಂಡ’ ಎಂಬ ತೀರ್ಪು ‘ಇವತ್ತು ಸಂಜೆ ಅಮ್ಮನ ಮೇಲೆ ರೇಗಿದೆ’ ಎಂಬಷ್ಟಕ್ಕೆ ಇಳಿಯುತ್ತದೆ. ಅಷ್ಟನ್ನು ಸರಿಮಾಡಿಕೊಳ್ಳಬಹುದು.

ಆದರೆ ಪ್ರಾರ್ಥನೆಯೊಂದೇ ಸಾಲದ ಹೊತ್ತೂ ಇರುತ್ತದೆ. ವಾರಗಟ್ಟಲೆ ಊಟ, ನಿದ್ದೆ ಸೇರದೆ, ಸಾಯುವ ಯೋಚನೆ ಬರುತ್ತಿದ್ದರೆ ‘ನಿನಗೆ ವಿಶ್ವಾಸ ಸಾಲದು’ ಎಂದು ಯಾರೂ ಹೇಳಬಾರದು. ಅದು ಗಾಯದ ಮೇಲೆ ಬರೆ. ಖಿನ್ನತೆ ಕಾಯಿಲೆ, ಅದಕ್ಕೆ ವೈದ್ಯರಿದ್ದಾರೆ, ಔಷಧವಿದೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ. ಫಾದರ್ ಹತ್ತಿರ ಹೋಗುವವರು ಇದನ್ನೂ ಮಾಡಲಿ. ಫಾದರ್‌ಗಳೂ ಪಾಸ್ಟರ್‌ಗಳೂ ಈ ನಂಬರನ್ನು ಪೂಜೆ, ಆರಾಧನೆ ಮುಗಿದ ಮೇಲೆ ಜನರಿಗೆ ಹೇಳಲಿ.