ದಣಿದರೂ ನಿದ್ದೆ ಏಕೆ ಬಾರದು?

ಮೈಮುರಿದು ದುಡಿದವರಿಗೆ ನಿದ್ದೆಯ ಚಿಂತೆಯಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ರಾಯಚೂರು ಜಿಲ್ಲೆಯ ದುಡಿಮೆಯನ್ನು ನೋಡಿದರೆ ಅದು ಅರ್ಧಸತ್ಯವೆಂದು ತಿಳಿಯುತ್ತದೆ. ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯಲ್ಲಿ ನೆಲದಡಿಯ ಕೆಲಸ ಪಾಳಿಯ ಮೇಲೆ ನಡೆಯುತ್ತದೆ. ಸಿಂಧನೂರು, ಮಸ್ಕಿ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ರಾತ್ರಿ ಬಂದರೆ ರೈತರು ರಾತ್ರಿಯೇ ಗದ್ದೆಗೆ ಹೋಗಬೇಕು. ರಾತ್ರಿಯಿಡೀ ದುಡಿದು ಬಂದವರ ದಣಿವಿಗೆ ಕೊರತೆಯಿಲ್ಲ. ಆದರೂ ಹಗಲು ಮಲಗಿದರೆ ಸಾಮಾನ್ಯವಾಗಿ ಕೆಲವೇ ಗಂಟೆಗಳಲ್ಲಿ ಎಚ್ಚರವಾಗುತ್ತದೆ. ದಣಿವೊಂದೇ ನಿದ್ದೆ ತರುವಂತಿದ್ದರೆ ಹೀಗಾಗಬಾರದಿತ್ತು.

ನಿದ್ದೆಗೆ ಬೇಕಾದದ್ದು ಎರಡು. ಎಚ್ಚರವಿದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗಿ ನಿದ್ದೆಯ ಒತ್ತಡ ಹೆಚ್ಚುತ್ತದೆ. ಚಹಾದ ಕೆಫೀನ್ ಈ ಒತ್ತಡವನ್ನು ಮರೆಮಾಡುತ್ತದೆ, ಕಳೆಯುವುದಿಲ್ಲ. ಎರಡನೆಯದು, ಕಣ್ಣಿನ ನರಗಳು ಸಂಧಿಸುವ ಜಾಗದ ಮೇಲಿರುವ ಸುಮಾರು 20,000 ನರಕೋಶಗಳ ಗಡಿಯಾರ. ಕಾಲುವೆ ತುಂಬಿ ಹರಿದರೂ ತೂಬು ತೆರೆಯದೆ ಗದ್ದೆಗೆ ನೀರಿಲ್ಲ. ಹಾಗೆಯೇ ಒತ್ತಡವೆಷ್ಟಿದ್ದರೂ ಈ ಗಡಿಯಾರ ಒಪ್ಪದೆ ನಿದ್ದೆ ಹೆಚ್ಚು ಹೊತ್ತು ಉಳಿಯುವುದಿಲ್ಲ. ಪಾಳಿ ಮುಗಿಸಿ ಬರುವವರ ಕಣ್ಣಿಗೆ ಬೆಳಗಿನ ಬಿಸಿಲು ಬಿದ್ದರೆ ರಾತ್ರಿಯ ಹಾರ್ಮೋನ್ ಆದ ಮೆಲಟೋನಿನ್ ಇಳಿದು, ದೇಹ ಹಗಲಿಗೆ ಸಜ್ಜಾಗುತ್ತದೆ. ಜೀವಕೋಶದೊಳಗೆ ಇಂಥ ಗಡಿಯಾರ ನಡೆಯುವ ಬಗೆಯನ್ನು ಹಣ್ಣಿನ ನೊಣಗಳಲ್ಲಿ ಬಿಡಿಸಿ ತೋರಿದ ಮೂವರು ವಿಜ್ಞಾನಿಗಳಿಗೆ 2017ರ ನೊಬೆಲ್ ಸಂದಿತು. ಇದರ ಜೊತೆಗೆ, ನಿದ್ದೆ ಹತ್ತಬೇಕಾದರೆ ದೇಹದೊಳಗಿನ ಶಾಖ ತುಸು ಇಳಿಯಬೇಕು. 40 ಡಿಗ್ರಿ ದಾಟುವ ಇಲ್ಲಿನ ಬೇಸಿಗೆಯಲ್ಲಿ ಕಾದ ಗೋಡೆಗಳು ಅದಕ್ಕೂ ಅಡ್ಡಿ.

ಹಾಗಾದರೆ ಸಾಲ, ಸಂಸಾರದ ಚಿಂತೆ ಕಾರಣವಲ್ಲವೇ? ಕಾರಣ ಹೌದು, ಆದರೆ ಹಲವರಲ್ಲಿ ಆರಂಭಕ್ಕೆ ಮಾತ್ರ. ವಾರಕ್ಕೆ ಕನಿಷ್ಠ 3 ರಾತ್ರಿಯಂತೆ 3 ತಿಂಗಳು ನಿದ್ದೆ ಕೆಟ್ಟರೆ ವೈದ್ಯರು ಅದನ್ನು ದೀರ್ಘಕಾಲದ ನಿದ್ರಾಹೀನತೆ ಎನ್ನುತ್ತಾರೆ. ಚಿಂತೆ ಕರಗಿದ ಮೇಲೂ ಅದು ಉಳಿಯಬಹುದು, ಏಕೆಂದರೆ ಕಳೆದ ನಿದ್ದೆ ತುಂಬಿಕೊಳ್ಳಲು ನಾವು ಬೇಗ ಮಲಗುತ್ತೇವೆ, ಹೊರಳಾಡುತ್ತೇವೆ. ಹಾಸಿಗೆಯೆಂದರೆ ಎಚ್ಚರದ ಜಾಗವೆಂದು ಮಿದುಳು ಕಲಿತುಬಿಡುತ್ತದೆ. ಮದ್ಯ ಕುಡಿದರೆ ನಿದ್ದೆ ಬರುವುದಿಲ್ಲವೇ ಎಂದರೆ, ಬೇಗ ಬರುತ್ತದೆ, ಆದರೆ ರಾತ್ರಿಯ ಉತ್ತರಾರ್ಧದಲ್ಲಿ ಒಡೆಯುತ್ತದೆ. ಹಾಸಿಗೆಯ ಬಗ್ಗೆ ಮಿದುಳು ಕಲಿತದ್ದನ್ನು ಮರೆಸುವ ವರ್ತನಾ ಚಿಕಿತ್ಸೆಯೇ ಮಾತ್ರೆಗಿಂತ ಮೊದಲು ಸಲ್ಲಬೇಕು: ದಿನವೂ ಒಂದೇ ಹೊತ್ತಿಗೆ ಏಳುವುದು, ನಿದ್ದೆ ಬಂದಾಗ ಮಾತ್ರ ಮಲಗುವುದು, ಬಾರದಿದ್ದರೆ ಎದ್ದು ಕೂರುವುದು.

ಆದರೆ ಪಾಳಿ ಬದಲಾಗುತ್ತಲೇ ಇರುವವರಿಗೆ ಒಂದೇ ಹೊತ್ತಿಗೆ ಏಳಿ ಎನ್ನುವುದು ನ್ಯಾಯವಲ್ಲ. ಅವರ ನಿದ್ದೆ ಕೆಡಿಸುವುದು ಮನಸ್ಸಿನ ದೌರ್ಬಲ್ಯವಲ್ಲ, ವೇಳಾಪಟ್ಟಿ. ಪಾಳಿಯನ್ನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂಬ ಕ್ರಮದಲ್ಲೇ ಮುಂದಕ್ಕೆ ಸರಿಸುವುದು, ನೀರು ಮತ್ತು ವಿದ್ಯುತ್ತನ್ನು ಸಾಧ್ಯವಾದಷ್ಟು ಹಗಲಲ್ಲೇ ಕೊಡುವುದು ಕೂಡ ನಿದ್ರಾಹೀನತೆಗೆ ಮದ್ದೇ; ಅದನ್ನು ಕೊಡಬೇಕಾದವರು ವೈದ್ಯರಲ್ಲ, ಕೆಲಸದ ಹೊತ್ತನ್ನು ನಿರ್ಧರಿಸುವವರು.