ಮುಳ್ಳಿಗಲ್ಲ, ಕಲ್ಲಿಗೆ: ಸೈಕಲ್ ಟೈರಿನೊಳಗಿನ ಫೋಮ್ ಬಳೆ

ಘಾಜಿಯಾಬಾದ್: ಇಲ್ಲಿನ ಸಾಹಿಬಾಬಾದ್ ಕೈಗಾರಿಕಾ ಪ್ರದೇಶದಲ್ಲಿ 1989ರಲ್ಲಿ ಆರಂಭವಾಗಿದ್ದ ಅಟ್ಲಾಸ್ ಸೈಕಲ್ ಕಾರ್ಖಾನೆ 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ, ಕೆಲಸ ನಿಲ್ಲಿಸಿದ್ದು ಅನೇಕರಿಗೆ ನೆನಪಿರಬಹುದು. ಕಾರ್ಖಾನೆ ಮುಚ್ಚಿದರೂ ಸೈಕಲ್ಲಿನ ನಂಟು ಕಡಿದಿಲ್ಲ. ಇಂದಿರಾಪುರಂ, ವೈಶಾಲಿ, ವಸುಂಧರಾದ ಅಪಾರ್ಟ್‌ಮೆಂಟುಗಳ ಕೆಳಗೆ ಈಗ ದಪ್ಪ ಟೈರಿನ ಮೌಂಟನ್ ಬೈಕ್‌ಗಳು ಸಾಲಾಗಿ ನಿಂತಿರುತ್ತವೆ. ಈ ಹವ್ಯಾಸಕ್ಕೆ ಬಿದ್ದ ಮಕ್ಕಳು ಇಂದಲ್ಲ ನಾಳೆ ಮನೆಯಲ್ಲಿ ಕೇಳುವ ವಸ್ತುವೊಂದಿದೆ. ಅದೇ ಟೈರಿನೊಳಗೆ ಕೂರಿಸುವ ಫೋಮ್ ಬಳೆ, ಅಂಗಡಿಯವರ ಮಾತಿನಲ್ಲಿ ಇನ್ಸರ್ಟ್. ಇದನ್ನು ಹಾಕಿದರೆ ಪಂಕ್ಚರ್ ಕಾಟವೇ ಇಲ್ಲ ಎಂಬ ನಂಬಿಕೆಯಿಂದ ಹಣ ತೆರುವವರು ಸ್ವಲ್ಪ ತಡೆಯುವುದು ಒಳಿತು.

ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದ ಜಾನ್ ಬಾಯ್ಡ್ ಡನ್ಲಪ್ 1887ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಅದನ್ನು ತಯಾರಿಸಿದ್ದು ತನ್ನ ಮಗನ ಮೂರು ಗಾಲಿ ಸೈಕಲ್ಲಿಗಾಗಿ. ಅಂದಿನಿಂದಲೂ ಟೈರಿಗೆ ಶತ್ರುಗಳು ಇಬ್ಬರು. ಒಂದು ಮುಳ್ಳು, ಮೊಳೆ. ಇನ್ನೊಂದು ಕಲ್ಲಿನ ಅಂಚು. ಗಾಲಿ ಜೋರಾಗಿ ಕಲ್ಲಿಗೆ ಬಡಿದಾಗ ಟ್ಯೂಬು ಕಲ್ಲಿಗೂ ರಿಮ್ಮಿಗೂ ನಡುವೆ ಸಿಕ್ಕಿ, ಹಾವು ಕಚ್ಚಿದಂತೆ ಪಕ್ಕಪಕ್ಕದಲ್ಲಿ ಎರಡು ತೂತು ಬೀಳುತ್ತದೆ. ಟ್ಯೂಬೇ ಇಲ್ಲದ ಟೈರಿನಲ್ಲಿ ಈ ಏಟು ನೇರವಾಗಿ ರಿಮ್ಮಿಗೆ ಬೀಳುತ್ತದೆ. ರಿಮ್ ನೆಗ್ಗುತ್ತದೆ, ಕೆಲವೊಮ್ಮೆ ಸೀಳುತ್ತದೆ. ಟೈರಿನ ಅಂಚು ಕ್ಷಣಕಾಲ ರಿಮ್ಮಿನಿಂದ ಬಿಟ್ಟುಕೊಂಡು ಗಾಳಿ ಬುಸ್ಸೆಂದು ಹೋಗುವುದೂ ಉಂಟು.

ಫೋಮ್ ಬಳೆ ತಡೆಯುವುದು ಈ ಎರಡನೇ ಶತ್ರುವನ್ನು. ರಿಮ್ಮಿನ ಸುತ್ತ ಟೈರಿನೊಳಗೆ ಕೂತ ಫೋಮ್ ತಾನು ಅಮುಕಿಕೊಂಡು ಏಟನ್ನು ನುಂಗುತ್ತದೆ. ದಪ್ಪ ಬಳೆಯಾದರೆ ಟೈರಿನ ಅಂಚನ್ನೂ ಒತ್ತಿ ಹಿಡಿಯುತ್ತದೆ. ಹೀಗಾಗಿ ಗಾಳಿಯನ್ನು ಕೆಲವು ಪಿಎಸ್‌ಐ ಕಡಿಮೆ ಇಡಬಹುದು, ಟೈರು ಕಲ್ಲುಮಣ್ಣನ್ನು ಚೆನ್ನಾಗಿ ಕಚ್ಚಿ ಹಿಡಿಯುತ್ತದೆ. ಅಮೆರಿಕದ ಕುಶ್‌ಕೋರ್, ಇಟಲಿಯ ವಿಟ್ಟೋರಿಯಾ ಇಂತಹ ಬಳೆಗಳ ಹೆಸರಾಂತ ತಯಾರಕರು.

ಮುಳ್ಳಿನ ವಿಷಯ ಬೇರೆ. ದೆಹಲಿಯ ರಿಡ್ಜ್, ಅರಾವಳಿಯ ಕುರುಚಲು ಕಾಡುಗಳಲ್ಲಿ ಹಬ್ಬಿರುವ ವಿಲಾಯತಿ ಕೀಕರ್ ನಮ್ಮವರಿಗೆ ಹೊಸದೇನಲ್ಲ. ನಮ್ಮೂರ ಬಳ್ಳಾರಿ ಜಾಲಿಯೇ ಅದು. ಅದರ ಮುಳ್ಳು ಟೈರನ್ನು ಹೊರಗಿನಿಂದ ಚುಚ್ಚುವಾಗ ಒಳಗೆ ಫೋಮ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆ ತೂತನ್ನು ಮುಚ್ಚುವುದು ಟ್ಯೂಬ್‌ಲೆಸ್ ಟೈರಿಗೆ ಹೊಯ್ಯುವ ಸೀಲೆಂಟ್ ಎಂಬ ಹಾಲಿನಂತಹ ದ್ರವ. ಈ ದ್ರವ ಕೆಲವೇ ತಿಂಗಳಲ್ಲಿ ಒಣಗುತ್ತದೆ, ಇಲ್ಲಿನ ಮೇ-ಜೂನ್ ಬಿಸಿಲಿನಲ್ಲಿ ಇನ್ನೂ ಬೇಗ. ಇದನ್ನು ಮರೆತು ಬಳೆಗೆ ದುಡ್ಡು ಸುರಿದರೆ ಬಾಗಿಲು ತೆರೆದಿಟ್ಟು ಕಿಟಕಿಗೆ ಬೀಗ ಹಾಕಿದಂತೆ.

ದುಡ್ಡಿನ ಲೆಕ್ಕವೂ ಸಣ್ಣದಲ್ಲ. ಹೆಸರಾಂತ ವಿದೇಶಿ ಬಳೆಗಳ ಒಂದು ಜೋಡಿಯ ಬೆಲೆಗೆ ಸಾಧಾರಣ ಹೊಸ ಸೈಕಲ್ಲೇ ಬರುತ್ತದೆ. ಗಾಲಿಯೊಂದಕ್ಕೆ ಹಗುರದ್ದಾದರೆ ನೂರು ಗ್ರಾಂನ ಆಸುಪಾಸು, ದಪ್ಪನೆಯದಾದರೆ ಕಾಲು ಕಿಲೋ ತೂಕ ಹೆಚ್ಚುತ್ತದೆ. ತಿರುಗುವ ಗಾಲಿಯ ತೂಕ ಏರಿನಲ್ಲಿ ಕಾಲಿಗೆ ಗೊತ್ತಾಗುತ್ತದೆ. ಜೋಡಿಸುವುದಂತೂ ಕಸರತ್ತೇ ಸರಿ, ಬೆರಳು ಸವೆಯುತ್ತದೆ. ಫೋಮ್ ಅಡ್ಡ ಕೂತಾಗಲೂ ಗಾಳಿ ಒಳಹೋಗುವಂತೆ ಪಕ್ಕದಲ್ಲಿ ತೂತಿರುವ ಬೇರೆಯ ವಾಲ್ವ್ ಬೇಕಾಗಬಹುದು. ದೊಡ್ಡ ತೂತು ಬಿದ್ದು ದಾರಿಯಲ್ಲಿ ಟ್ಯೂಬ್ ತುರುಕಬೇಕಾಗಿ ಬಂದರೆ, ಸೀಲೆಂಟ್ ಮೆತ್ತಿದ ಈ ಬಳೆಯನ್ನು ಬಿಚ್ಚಿ ಹೆಗಲಿಗೆ ಹಾಕಿಕೊಂಡೇ ಮನೆಗೆ ಬರಬೇಕು. ಜಿ.ಟಿ. ರಸ್ತೆಯ ಪಂಕ್ಚರ್ ಅಂಗಡಿಯವನು ಇದನ್ನು ಕಂಡಿರುವ ಸಂಭವವೂ ಕಡಿಮೆ.

ಹಾಗಾದರೆ ಯಾರಿಗೆ ಬೇಕು? ವಸುಂಧರಾದಿಂದ ಟ್ಯೂಷನ್‌ಗೆ ಹೋಗುವ ಹುಡುಗನಿಗೆ, ಯುಪಿ ಗೇಟಿನಿಂದ ದೆಹಲಿ ಕಡೆಗಿರುವ ಸೈಕಲ್ ಪಥದಲ್ಲಿ ಬೆಳಗಿನ ವ್ಯಾಯಾಮ ಮಾಡುವವರಿಗೆ ಖಂಡಿತ ಬೇಡ. ರಸ್ತೆ ಹೊಂಡಗಳಿಗೆ ಸರಿಯಾದ ಗಾಳಿ ಮತ್ತು ಪ್ರೆಷರ್ ಗೇಜ್ ಸಾಕು. ಭಾನುವಾರ ಕಾರಿನ ಮೇಲೆ ಸೈಕಲ್ ಹೇರಿಕೊಂಡು ಗುರುಗ್ರಾಮ-ಫರೀದಾಬಾದ್ ರಸ್ತೆಯ ಆಚೀಚೆಯ ಅರಾವಳಿ ಬಂಡೆಗಳಲ್ಲಿ ಇಳಿಯುವವರ ಮಾತು ಬೇರೆ. 2022ರಲ್ಲಿ ನಮ್ಮ ಗದಗದಲ್ಲೇ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ನಡೆದಿತ್ತು. ಅಂತಹ ಸ್ಪರ್ಧೆಯ ಕನಸಿರುವ ಮಕ್ಕಳಿಗೂ ಇದು ವ್ಯರ್ಥವಲ್ಲ. ಗಾಳಿ ಪೂರ್ತಿ ಹೋದರೂ ದಪ್ಪ ಫೋಮಿನ ಮೇಲೆ ನಿಧಾನವಾಗಿ ಕಾಡಿನಿಂದ ಹೊರಬರಬಹುದು; ನೀರಿನ ಬಾಟಲಿ ಖಾಲಿಯಾದ ಜೂನ್ ಮಧ್ಯಾಹ್ನ ಇದು ಸಣ್ಣ ಮಾತಲ್ಲ.

ಅವರೂ ಮೊದಲು ಹಿಂದಿನ ಗಾಲಿಗೆ ಒಂದನ್ನೇ ಹಾಕಿಸಿ ನೋಡುವುದು ಜಾಣತನ, ಏಕೆಂದರೆ ಸವಾರನ ಭಾರದ ಹೆಚ್ಚು ಪಾಲು ಹೊತ್ತು ಹೆಚ್ಚು ಏಟು ತಿನ್ನುವುದು ಅದೇ. ಹಾಕಿಸುವಾಗ ಹುಡುಗನನ್ನು ಅಂಗಡಿಯಲ್ಲೇ ನಿಲ್ಲಿಸಿ, ಒಮ್ಮೆ ಅವನ ಕೈಯಿಂದಲೇ ಬಿಚ್ಚಿ ಜೋಡಿಸಲು ಹೇಳಬೇಕು. ಅದು ಬಾರದಿದ್ದರೆ ಬಿಲ್ ಮಾಡಿಸುವುದು ಬೇಡ.