ಹೊಕ್ಕುಳ ಸುತ್ತಿನ ಸೂಜಿ ಈಗಿಲ್ಲ

‘ನಾಯಿ ಕಡಿತದ ಸೂಜಿ’ ಎಂದರೆ ಲಿಂಗಸುಗೂರು ಕಡೆಯ ಹಳ್ಳಿಗಳ ಹಿರಿಯರಿಗೆ ನೆನಪಾಗುವುದು ಹೊಕ್ಕುಳ ಸುತ್ತ ಚುಚ್ಚುತ್ತಿದ್ದ ಹತ್ತು, ಹದಿನಾಲ್ಕು ಇಂಜೆಕ್ಷನ್‌ಗಳು. ಹೀಗಾಗಿ ಪಿಯುಸಿ ಮುಗಿಸಿದ ಮಗನಿಗೋ ಮಗಳಿಗೋ ಬೀದರಿನ ಪಶುವೈದ್ಯಕೀಯ ಕಾಲೇಜಿನಲ್ಲಿ ಸೀಟು ಸಿಕ್ಕಿ, ನಾಯಿ ಕಚ್ಚದೆಯೇ ರೇಬಿಸ್ ಲಸಿಕೆ ಹಾಕಿಸಿಕೊಳ್ಳಬೇಕು ಎಂದಾಗ ಮನೆಯವರು ಗಾಬರಿಯಾಗುವುದು ಸಹಜ. ಮೊದಲ ಸೂಜಿಗೆ ಮೈ ಬೆಚ್ಚಗಾದರಂತೂ “ಸಾಕಪ್ಪ, ಇನ್ನೊಂದು ಬ್ಯಾಡ” ಎನ್ನುವ ಅಜ್ಜಿಯರುಂಟು.

ಈ ಭಯ ಹುಸಿಯೇ? ಒಂದು ಕಾಲಕ್ಕೆ ಹುಸಿಯಾಗಿರಲಿಲ್ಲ. 1911ರಲ್ಲಿ ಡೇವಿಡ್ ಸೆಂಪಲ್ ಕಸೌಲಿಯಲ್ಲಿ ರೂಪಿಸಿದ ವಿಧಾನದ ಜಾಡಿನಲ್ಲಿ ನಮ್ಮ ದೇಶದಲ್ಲಿ ಕುರಿಯ ಮಿದುಳಿನಿಂದ ಲಸಿಕೆ ತಯಾರಾಗುತ್ತಿತ್ತು. ಅದರಲ್ಲಿದ್ದ ನರಕೋಶದ ಅಂಶದ ವಿರುದ್ಧ ಎಚ್ಚೆತ್ತ ದೇಹದ ರೋಗನಿರೋಧಕ ಶಕ್ತಿ ಕೆಲವರಲ್ಲಿ ಸ್ವಂತ ನರಗಳ ಮೇಲೆಯೇ ತಿರುಗಿ ಬೀಳುತ್ತಿತ್ತು. ಕೈಕಾಲುಗಳು ಸ್ವಾಧೀನ ತಪ್ಪುತ್ತಿದ್ದವು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1984ರಲ್ಲಿ ಇಂಥ ರೋಗಿಗಳ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದರು. ಕೊನೆಗೆ 2004ರ ಡಿಸೆಂಬರ್‌ನಲ್ಲಿ ಭಾರತ ಈ ಲಸಿಕೆಯ ತಯಾರಿಕೆಯನ್ನೇ ನಿಲ್ಲಿಸಿತು.

ಇಂದಿನ ಲಸಿಕೆಯಲ್ಲಿ ಮಿದುಳಿನ ಅಂಶವಿಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ವೈರಸ್ಸನ್ನು ವೃದ್ಧಿಸಿ, ನಿಷ್ಕ್ರಿಯಗೊಳಿಸಿ ಇದನ್ನು ತಯಾರಿಸುತ್ತಾರೆ. ಚುಚ್ಚುವುದು ಹೊಟ್ಟೆಗಲ್ಲ, ತೋಳಿಗೆ. ಚುಚ್ಚಿದ ಜಾಗದಲ್ಲಿ ನೋವು, ಕೆಂಪು, ಬಾವು, ತುರಿಕೆ ಕಾಣಿಸಬಹುದು. ಕೆಲವರಿಗೆ ಸಣ್ಣ ಜ್ವರ, ತಲೆನೋವು, ಮೈಕೈ ನೋವು ಬರಬಹುದು. ಇವು ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಇಳಿಯುತ್ತವೆ. ಹರೆಯದವರಲ್ಲಿ ಕೆಲವರಿಗೆ ಸೂಜಿ ಕಂಡರೆ ಬವಳಿ ಬರುವುದೂ ಉಂಟು. ಅದಕ್ಕೇ ಲಸಿಕೆಯ ನಂತರ ಹದಿನೈದು ನಿಮಿಷವಾದರೂ ಅಲ್ಲೇ ಕುಳಿತಿರಬೇಕು. ತೀವ್ರ ಅಲರ್ಜಿ ಅಪರೂಪ. ಆದರೆ ಉಸಿರಾಟ ಕಷ್ಟವಾದರೆ, ಮುಖ ಊದಿಕೊಂಡರೆ ಕೂಡಲೇ ವೈದ್ಯರಿಗೆ ತೋರಿಸಬೇಕು.

ಕಚ್ಚುವ ಮೊದಲೇ ಲಸಿಕೆ ಏಕೆ? ಮೇವು ನುಂಗಲಾಗದೆ ಜೊಲ್ಲು ಸುರಿಸುತ್ತಿರುವ ಎಮ್ಮೆಯನ್ನು ರೈತ ಆಸ್ಪತ್ರೆಗೆ ತರುತ್ತಾನೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ವಿದ್ಯಾರ್ಥಿ ಬಾಯೊಳಗೆ ಕೈ ಹಾಕುತ್ತಾನೆ. ಅದು ರೇಬಿಸ್ ಆಗಿದ್ದರೆ? ಬೆರಳಿನ ಗೀರು ಗಾಯವೊಂದೇ ಸಾಕು, ಜೊಲ್ಲಿನ ವೈರಸ್ ಒಳಹೊಗಲು. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ನಿಂದ ಬದುಕಿ ಉಳಿಯುವುದು ಇಲ್ಲವೆನ್ನುವಷ್ಟು ವಿರಳ.

ನಮ್ಮ ದೇಶದ ಮಾರ್ಗಸೂಚಿಯಂತೆ ಮುಂಜಾಗ್ರತೆಯ ಲಸಿಕೆ ಮೂರು ಬಾರಿ: ಮೊದಲ ದಿನ, ಏಳು ದಿನಗಳ ಬಳಿಕ, ನಂತರ 21 ಅಥವಾ 28ನೇ ದಿನ. ಹಾಗೆಂದು ಆಮೇಲೆ ನಾಯಿ ಕಚ್ಚಿದರೆ ಸುಮ್ಮನಿರುವಂತಿಲ್ಲ. ಗಾಯವನ್ನು ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಒಂದು, ಮೂರು ದಿನ ಬಿಟ್ಟು ಇನ್ನೊಂದು ಸೂಜಿ ಹಾಕಿಸಿಕೊಳ್ಳಬೇಕು. ಲಸಿಕೆ ಮೊದಲೇ ಪೂರ್ಣಗೊಂಡಿದ್ದರೆ, ಗಾಯದ ಸುತ್ತ ಚುಚ್ಚುವ ದುಬಾರಿ ಇಮ್ಯುನೋಗ್ಲಾಬ್ಯುಲಿನ್ ಬೇಕಾಗುವುದಿಲ್ಲ.

ಪಾಲಕರು ಮಾಡಬೇಕಾದದ್ದು ಇಷ್ಟೇ. ಹಿಂದೆ ಯಾವುದಾದರೂ ಔಷಧಿಗೆ ಅಲರ್ಜಿಯಾಗಿದ್ದರೆ ಮೊದಲೇ ವೈದ್ಯರಿಗೆ ತಿಳಿಸಿ. ಲಸಿಕೆಯ ಚೀಟಿಯನ್ನು ಅಂಕಪಟ್ಟಿಯಷ್ಟೇ ಜೋಪಾನವಾಗಿಡಿ. ತೋಳು ನೋಯುತ್ತದೆಂದು ಮುಂದಿನ ಸೂಜಿ ತಪ್ಪಿಸಬೇಡಿ. ತಪ್ಪಿಹೋಗಿದ್ದರೆ ಮೊದಲಿನಿಂದ ಆರಂಭಿಸಬೇಕಿಲ್ಲ, ಉಳಿದದ್ದನ್ನು ಮುಗಿಸಿದರೆ ಸಾಕು.